ಇಲಿಗೆ ವಾಸಿಯಾದ ಮರೆವು ಅಮ್ಮನಿಗೂ ವಾಸಿಯಾದೀತೆ?

ಮರೆಗುಳಿತನ, ಪಾರ್ಕಿನ್ಸನ್ ಮೊದಲಾದ ನರಕ್ಷಯ ರೋಗಗಳ ಬಗ್ಗೆ ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ವಿಷಯವನ್ನು ಸುತ್ತುತ್ತಿವೆ. ಪ್ರಯೋಗಾಲಯದ ಪ್ರಾಣಿಗಳಲ್ಲಿ ಕಂಡದ್ದು ನಮ್ಮ ಮನೆಯ ಹಿರಿಯರಿಗೆ ಎಷ್ಟರ ಮಟ್ಟಿಗೆ ಅನ್ವಯಿಸುತ್ತದೆ ಎಂಬುದೇ ಆ ವಿಷಯ. ಐದು ಪತ್ರಗಳನ್ನು ಆಯ್ದುಕೊಂಡಿದ್ದೇನೆ. ಬರೆದವರ ಹೆಸರುಗಳನ್ನು ಬಿಟ್ಟಿದ್ದೇನೆ.

ಪ್ರಶ್ನೆ: ನನ್ನ ತಾಯಿಗೆ 74 ವರ್ಷ. ಎರಡು ವರ್ಷದ ಹಿಂದೆ ಆಲ್‌ಝೈಮರ್ ಎಂದು ಗೊತ್ತಾಯಿತು. ಅಶ್ವಗಂಧದಿಂದ ಇಲಿಗಳ ಮರೆಗುಳಿತನವನ್ನು ನಮ್ಮ ವಿಜ್ಞಾನಿಗಳು ಮೂವತ್ತೇ ದಿನದಲ್ಲಿ ವಾಸಿ ಮಾಡಿದ್ದಾರೆಂಬ ಸಂದೇಶ ಮನೆಯವರ ವಾಟ್ಸಾಪ್ ಗುಂಪಿನಲ್ಲಿ ಬಂದಿದೆ. ಅಣ್ಣ ಚೂರ್ಣ ತಂದಿಟ್ಟಿದ್ದಾನೆ. ಡಾಕ್ಟರ ಮಾತ್ರೆ ನಿಲ್ಲಿಸಿ ಇದನ್ನೇ ಕೊಡೋಣ ಎನ್ನುತ್ತಾನೆ. ಕೊಡಬಹುದೇ?
– ಗೃಹಿಣಿ, ಶಿವಮೊಗ್ಗ

ಉತ್ತರ: ಡಾಕ್ಟರ ಮಾತ್ರೆಯನ್ನು ದಯವಿಟ್ಟು ನಿಲ್ಲಿಸಬೇಡಿ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಕಾರಣವನ್ನು ಆಮೇಲೆ ಸಾವಧಾನವಾಗಿ ನೋಡೋಣ.

ನಿಮಗೆ ಬಂದ ಸಂದೇಶ ಕಟ್ಟುಕಥೆಯಲ್ಲ. ನರವಿಜ್ಞಾನಿ ವಿಜಯಲಕ್ಷ್ಮಿ ರವೀಂದ್ರನಾಥ್ ಅವರ ತಂಡ 2012ರಲ್ಲಿ ಅಮೆರಿಕದ ರಾಷ್ಟ್ರೀಯ ವಿಜ್ಞಾನ ಅಕಾಡೆಮಿಯ ಪತ್ರಿಕೆಯಲ್ಲಿ ಈ ಅಧ್ಯಯನವನ್ನು ಪ್ರಕಟಿಸಿತು. ಅಶ್ವಗಂಧದ ಬೇರಿನಿಂದ ತೆಗೆದು ಭಾಗಶಃ ಶುದ್ಧೀಕರಿಸಿದ ಸಾರವನ್ನು ಇಲಿಗಳಿಗೆ ಬಾಯಿಯ ಮೂಲಕ ಮೂವತ್ತು ದಿನ ಕೊಟ್ಟಾಗ ಅವುಗಳ ಕಲಿಕೆ ಸುಧಾರಿಸಿತು, ಮಿದುಳಿನಲ್ಲಿ ಸೇರಿಕೊಂಡಿದ್ದ ಅಮೈಲಾಯ್ಡ್ ಎಂಬ ಪ್ರೋಟೀನಿನ ಜಡ್ಡು (ಗಂಟುಕಟ್ಟಿ ಕೂಡಿದ ಪದಾರ್ಥ) ಕಡಿಮೆಯಾಯಿತು. ಮದ್ದು ಕೆಲಸ ಮಾಡಿದ ಜಾಗ ಮಿದುಳಲ್ಲ, ಯಕೃತ್ತು ಎಂಬುದು ಆ ಅಧ್ಯಯನದಲ್ಲಿ ನನಗೆ ಅತ್ಯಂತ ಸೊಗಸಾಗಿ ಕಂಡ ಸಂಗತಿ. ಅಮೈಲಾಯ್ಡನ್ನು ಹಿಡಿದುಕೊಳ್ಳುವ ಒಂದು ಪ್ರೋಟೀನು ಯಕೃತ್ತಿನಲ್ಲಿ ಹೆಚ್ಚಾಗಿ, ರಕ್ತದಲ್ಲಿದ್ದ ಅಮೈಲಾಯ್ಡ್ ಖಾಲಿಯಾಗುತ್ತ ಹೋದಂತೆ, ಮಿದುಳಿನಲ್ಲಿದ್ದದ್ದು ತಾನಾಗಿ ರಕ್ತಕ್ಕೆ ಇಳಿದು ಬಂತು. ಕಾಲುವೆಯ ಕೆಳತುದಿಯನ್ನು ಬಿಡಿಸಿದರೆ ಮೇಲಿನ ಗದ್ದೆಯಲ್ಲಿ ನಿಂತ ನೀರು ಬಸಿದು ಹೋಗುವುದಿಲ್ಲವೇ, ಹಾಗೆ. ಇದು ಒಳ್ಳೆಯ ವಿಜ್ಞಾನ. ನಾವು ಹೆಮ್ಮೆಪಡಬಹುದಾದ ಕೆಲಸ.

ಆದರೆ ಆ ಇಲಿ ಯಾವುದೆಂದು ಕೇಳಬೇಕು. ಮನೆಯ ಅಟ್ಟದಲ್ಲಿ ಓಡಾಡುವ ಇಲಿಗೆ ಎಷ್ಟೇ ಮುಪ್ಪಾದರೂ ಆಲ್‌ಝೈಮರ್ ಬರುವುದಿಲ್ಲ. ಅದರ ಅಮೈಲಾಯ್ಡ್ ನಮ್ಮದಕ್ಕಿಂತ ಮೂರು ಅಮೈನೊ ಆಮ್ಲಗಳಷ್ಟು ಬೇರೆ. ಅಷ್ಟು ವ್ಯತ್ಯಾಸದಿಂದಲೇ ಅದು ಸುಲಭವಾಗಿ ಗಂಟುಕಟ್ಟುವುದಿಲ್ಲ, ಜೊತೆಗೆ ಇಲಿಯ ಆಯುಷ್ಯವೇ ಎರಡು ಮೂರು ವರ್ಷ. ಆದ್ದರಿಂದ ವಿಜ್ಞಾನಿಗಳು ಮನುಷ್ಯನ ವಂಶವಾಹಿಯನ್ನು ಇಲಿಯ ಭ್ರೂಣಕ್ಕೆ ಸೇರಿಸಿ ಇಂಥ ಇಲಿಗಳನ್ನು ಹುಟ್ಟಿಸುತ್ತಾರೆ. ಅಮೈಲಾಯ್ಡ್ ಜಡ್ಡು ಹೇರಳವಾಗಿ ಬೆಳೆಯುವ ಮೊದಲ ಇಲಿ ತಳಿ 1995ರಲ್ಲಿ ಬಂತು, ಇನ್ನೊಂದು ಪ್ರಸಿದ್ಧ ತಳಿ 1996ರಲ್ಲಿ. 2006ರಲ್ಲಿ ಬಂದ ತಳಿಯೊಂದರಲ್ಲಿ ಐದು ವಂಶವಾಹಿ ದೋಷಗಳನ್ನು ಒಟ್ಟಿಗೆ ತುಂಬಿದ್ದರಿಂದ ಮರಿಗೆ ಎರಡು ತಿಂಗಳಾಗುವಷ್ಟರಲ್ಲೇ ಜಡ್ಡು ಕಾಣಿಸಿಕೊಳ್ಳುತ್ತದೆ. ಈ ದೋಷಗಳೆಲ್ಲ ಬಂದದ್ದು ನಲವತ್ತು ಐವತ್ತರ ವಯಸ್ಸಿಗೇ, ತಲೆಮಾರಿನಿಂದ ತಲೆಮಾರಿಗೆ ಆಲ್‌ಝೈಮರ್ ಕಾಣಿಸಿಕೊಳ್ಳುವ ಕೆಲವೇ ಕುಟುಂಬಗಳಿಂದ. ಆಲ್‌ಝೈಮರ್ ಇರುವವರಲ್ಲಿ ಅಂಥವರು ನೂರಕ್ಕೆ ಒಬ್ಬರಿಗಿಂತ ಕಡಿಮೆ. ನಿಮ್ಮ ತಾಯಿಗೆ ಬಂದಿರುವುದು ಆಲ್‌ಝೈಮರ್ ಇರುವ ಬಹುತೇಕ ಎಲ್ಲರಲ್ಲೂ ಕಾಣುವ, ಎಪ್ಪತ್ತರ ಆಚೀಚೆ ನಿಧಾನವಾಗಿ ಇಳಿಯುವ ಬಗೆಯ ಕಾಯಿಲೆ.

ಇನ್ನೊಂದು ವ್ಯತ್ಯಾಸ ಇದಕ್ಕಿಂತ ಮುಖ್ಯವಾದುದು. ಜರ್ಮನಿಯ ವೈದ್ಯ ಅಲೋಯಿಸ್ ಆಲ್‌ಝೈಮರ್ 1906ರಲ್ಲಿ ತಮ್ಮ ರೋಗಿಯೊಬ್ಬಳ ಮಿದುಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ ವಿವರಿಸಿದಾಗ ಕಂಡದ್ದು ಎರಡು ಬಗೆಯ ವಿಕಾರ: ನರಕೋಶಗಳ ಹೊರಗೆ ಅಮೈಲಾಯ್ಡ್ ಜಡ್ಡು, ಒಳಗೆ ಟಾವ್ ಎಂಬ ಪ್ರೋಟೀನಿನ ಸಿಕ್ಕು. ಅಮೈಲಾಯ್ಡ್ ಇಲಿಗಳಲ್ಲಿ ಜಡ್ಡು ತುಂಬಿಕೊಳ್ಳುತ್ತದೆ, ಆದರೆ ಮನುಷ್ಯರಲ್ಲಿರುವಂಥ ಸಿಕ್ಕು ಮೂಡುವುದಿಲ್ಲ, ಮನುಷ್ಯರಲ್ಲಿ ಆಗುವಷ್ಟು ನರಕೋಶಗಳೂ ಸಾಯುವುದಿಲ್ಲ. ಹೀಗಾಗಿ ಜಡ್ಡು ತೆಗೆದರೆ ಇಲಿಯ ನೆನಪು ಮರಳುತ್ತದೆ, ಏಕೆಂದರೆ ನೆನಪಿಡುವ ಕೋಶಗಳು ಅಲ್ಲೇ ಉಳಿದಿವೆ. ನಿಮ್ಮ ತಾಯಿ ಮೊದಲ ಬಾರಿ ಬೀಗದ ಕೈ ಎಲ್ಲಿಟ್ಟೆನೆಂದು ಹುಡುಕಿದ ದಿನಕ್ಕಿಂತ ಎಷ್ಟೋ ವರ್ಷ ಮೊದಲೇ ಅವರ ಮಿದುಳಿನಲ್ಲಿ ಜಡ್ಡು ಶುರುವಾಗಿತ್ತು, ಈಗ ಕೋಶಗಳೂ ಕಳೆದುಹೋಗಿವೆ. ಈ ಅಂತರ ಎಷ್ಟೆಂಬುದನ್ನು ಲೆಕಾನೆಮ್ಯಾಬ್ ಎಂಬ ಚುಚ್ಚುಮದ್ದು ತೋರಿಸಿಕೊಟ್ಟಿದೆ. 2023ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದ ಈ ಔಷಧ ರೋಗಿಗಳ ಮಿದುಳಿನಿಂದ ಅಮೈಲಾಯ್ಡನ್ನು ಗಣನೀಯವಾಗಿ ತೆಗೆದುಹಾಕಿತು. ಆದರೂ ಆರಂಭದ ಹಂತದಲ್ಲಿದ್ದವರಲ್ಲಿ ಹದಿನೆಂಟು ತಿಂಗಳಲ್ಲಿ ಆದ ಲಾಭವೆಂದರೆ ರೋಗ ಮುಂದುವರಿಯುವ ವೇಗ ಶೇ. 27ರಷ್ಟು ತಗ್ಗಿದ್ದು. ಹೋದ ನೆನಪು ಯಾರಿಗೂ ವಾಪಸು ಬರಲಿಲ್ಲ.

ಇನ್ನು ಅಣ್ಣನವರು ತಂದ ಚೂರ್ಣದ ವಿಚಾರ. ಪ್ರಯೋಗದಲ್ಲಿ ಬಳಸಿದ ಸಾರವೂ ಅಂಗಡಿಯ ಡಬ್ಬಿಯಲ್ಲಿರುವ ಪುಡಿಯೂ ಒಂದೇ ಎಂದು ಭಾವಿಸಲು ಆಧಾರವಿಲ್ಲ. ಅಶ್ವಗಂಧ ಥೈರಾಯ್ಡ್, ಸಕ್ಕರೆ ಕಾಯಿಲೆ ಮತ್ತು ನಿದ್ದೆಯ ಮಾತ್ರೆಗಳ ಪರಿಣಾಮವನ್ನು ಏರುಪೇರು ಮಾಡಬಲ್ಲದು. ಅದನ್ನು ಸೇವಿಸಿದ ಕೆಲವರಲ್ಲಿ ಯಕೃತ್ತಿಗೆ ಪೆಟ್ಟು ಬಿದ್ದ ವರದಿಗಳೂ ಇವೆ. ಕೊಡಲೇಬೇಕೆಂದು ಮನೆಯಲ್ಲಿ ಎಲ್ಲರಿಗೂ ಅನಿಸಿದರೆ ಡಬ್ಬಿಯನ್ನು ಡಾಕ್ಟರಿಗೆ ತೋರಿಸಿ ಕೇಳಿ. ಅಣ್ಣನವರ ಮೇಲೆ ಬೇಸರ ಮಾಡಿಕೊಳ್ಳಬೇಡಿ. ತಾಯಿಗಾಗಿ ಏನಾದರೂ ಮಾಡಬೇಕೆಂಬ ತಹತಹ ಅವರದು.

ಪ್ರಶ್ನೆ: ಇಲಿಗೆ ಮರೆವು ಬಂದಿದೆ ಎಂದು ಹೇಗೆ ಗೊತ್ತಾಗುತ್ತದೆ? ಅದನ್ನು ಕೇಳಲಾಗುವುದಿಲ್ಲವಲ್ಲ?
– ಬಿ.ಎಸ್ಸಿ. ವಿದ್ಯಾರ್ಥಿನಿ, ಮೈಸೂರು

ಉತ್ತರ: ಬಹಳ ಒಳ್ಳೆಯ ಪ್ರಶ್ನೆ. ಹೆಚ್ಚು ಬಳಕೆಯಲ್ಲಿರುವುದು ಬ್ರಿಟನ್ನಿನ ರಿಚರ್ಡ್ ಮಾರಿಸ್ 1981ರಲ್ಲಿ ವಿವರಿಸಿದ ನೀರಿನ ತೊಟ್ಟಿಯ ಪರೀಕ್ಷೆ. ಆಳು ಅಡ್ಡ ಮಲಗುವಷ್ಟು ಅಗಲದ ದುಂಡು ತೊಟ್ಟಿಯಲ್ಲಿ ನೀರು ತುಂಬಿ, ಅದಕ್ಕೆ ಹಾಲಿನ ಪುಡಿಯನ್ನೋ ಬಿಳಿ ಬಣ್ಣವನ್ನೋ ಬೆರೆಸಿ ತಳ ಕಾಣದಂತೆ ಮಾಡುತ್ತಾರೆ. ನೀರಿನ ಮಟ್ಟಕ್ಕಿಂತ ತುಸುವೇ ಕೆಳಗೆ ಅಂಗೈಯಗಲದ ಮಣೆಯೊಂದು ಅಡಗಿರುತ್ತದೆ. ಕೋಣೆಯ ಗೋಡೆಗಳ ಮೇಲೆ ಚೌಕ, ತ್ರಿಕೋನದಂಥ ದೊಡ್ಡ ಚಿತ್ರಗಳು. ಇಲಿಗೆ ಈಜು ಬರುತ್ತದೆ, ಆದರೆ ನೀರಿನಲ್ಲಿರುವುದು ಇಷ್ಟವಿಲ್ಲ. ಮಣೆ ಸಿಕ್ಕಿದರೆ ಹತ್ತಿ ನಿಲ್ಲುತ್ತದೆ.

ಮೊದಲ ದಿನ ಎಲ್ಲ ಇಲಿಗಳೂ ಗೋಡೆಗುಂಟ ಸುತ್ತು ಹೊಡೆಯುತ್ತವೆ. ಐದನೆಯ ದಿನದ ಹೊತ್ತಿಗೆ ಆರೋಗ್ಯವಂತ ಇಲಿಯನ್ನು ಯಾವ ಮೂಲೆಯಿಂದ ಬಿಟ್ಟರೂ ಅದು ತಲೆಯೆತ್ತಿ ಒಮ್ಮೆ ಗೋಡೆಯ ಚಿತ್ರಗಳ ಕಡೆ ನೋಡಿದಂತೆ ಮಾಡಿ, ಕಾಣದ ಮಣೆಯತ್ತ ನೇರವಾಗಿ ಗೆರೆ ಎಳೆದಂತೆ ಈಜುತ್ತದೆ. ಪಕ್ಕದ ಗೂಡಿನ, ಅಮೈಲಾಯ್ಡ್ ತುಂಬಿದ ಇಲಿ ಐದನೆಯ ದಿನವೂ ಗೋಡೆಗುಂಟವೇ ಸುತ್ತುತ್ತಿರುತ್ತದೆ. ಕೊನೆಗೆ ಕೈಯಿಂದ ಎತ್ತಿ ಮಣೆಯ ಮೇಲೆ ಬಿಡಬೇಕು. ಮೈಯೊರೆಸಿ, ಬೆಚ್ಚಗಿನ ದೀಪದ ಕೆಳಗೆ ಇಡಬೇಕು. ಇನ್ನೊಂದು ದಿನ ಮಣೆಯನ್ನೇ ತೆಗೆದುಬಿಡುತ್ತಾರೆ. ಆಗ ನೆನಪಿರುವ ಇಲಿ ಮಣೆ ಇದ್ದ ಜಾಗದಲ್ಲೇ ಹಿಂದೆ ಮುಂದೆ ಹುಡುಕಾಡುತ್ತದೆ. ಮೊದಲ ಸಲ ಅದನ್ನು ನೋಡಿದಾಗ ನನಗೆ, ಜಾಗ ಬದಲಾದ ದೇವರ ಮನೆಯ ಹಳೆಯ ಮೂಲೆಯಲ್ಲೇ ಕೈಮುಗಿಯುತ್ತಿದ್ದ ನಮ್ಮ ಅಜ್ಜಿಯ ನೆನಪಾಗಿತ್ತು.

ಪರೀಕ್ಷೆ ಸರಳವೆನಿಸಿದರೂ ಎಡವುವ ಜಾಗಗಳು ಬೇಕಾದಷ್ಟಿವೆ. ಪ್ರಯೋಗಾಲಯದ ಕೆಲವು ಇಲಿ ತಳಿಗಳು ಹುಟ್ಟಿನಿಂದ ಬಂದ ರೆಟಿನಾ ದೋಷದಿಂದ ಕುರುಡಾಗುತ್ತವೆ. ಗೋಡೆಯ ಚಿತ್ರವೇ ಕಾಣದ ಇಲಿಯನ್ನು ಮರೆಗುಳಿಯೆಂದು ಎಣಿಸಿದರೆ ಅಧ್ಯಯನವೆಲ್ಲ ಹೊಳೆಯಲ್ಲಿ ಹುಣಸೆ ತೊಳೆದಂತೆ. ಅದಕ್ಕೇ ಮಣೆಯ ಮೇಲೆ ಬಾವುಟ ನೆಟ್ಟು, ಕಾಣುವ ಗುರಿಯತ್ತಲಾದರೂ ಅದು ಈಜುತ್ತದೆಯೇ ಎಂದು ಪ್ರತ್ಯೇಕವಾಗಿ ನೋಡಬೇಕು. ಗಂಡಸರು ಹತ್ತಿರವಿದ್ದಾಗ ಅವರ ಮೈವಾಸನೆಯಿಂದಲೇ ಇಲಿಗಳು ಒತ್ತಡಕ್ಕೆ ಒಳಗಾಗುತ್ತವೆ ಎಂದು 2014ರಲ್ಲಿ ಕೆನಡಾದ ಸಂಶೋಧಕರು ತೋರಿಸಿದರು. ಯಾರು ಇಲಿಯನ್ನು ಮುಟ್ಟಿದರು ಎಂಬುದನ್ನೂ ಬರೆದಿಡಬೇಕಾಗಿ ಬಂತು. ಎಲ್ಲಕ್ಕಿಂತ ಹೆಚ್ಚಾಗಿ, ಈ ತೊಟ್ಟಿ ಅಳೆಯುವುದು ಜಾಗದ ನೆನಪನ್ನು ಮಾತ್ರ. ಮೊಮ್ಮಗಳ ಹೆಸರು ಮರೆಯುವುದು, ಸಾರಿಗೆ ಉಪ್ಪು ಹಾಕಿದೆನೋ ಇಲ್ಲವೋ ಎಂದು ಮತ್ತೆ ಹಾಕುವುದು, ಮಾತಿನ ನಡುವೆ ಪದ ಸಿಗದೆ ತಡವರಿಸುವುದು, ಸಂಜೆಯಾದರೆ ಕಾರಣವಿಲ್ಲದೆ ಹೆದರುವುದು, ಇವನ್ನೆಲ್ಲ ಇಲಿಯಲ್ಲಿ ಅಳೆಯುವ ತೊಟ್ಟಿ ಯಾವುದೂ ಇಲ್ಲ.

ನೀವು ಮೈಸೂರಿನವರಾದ್ದರಿಂದ ಇನ್ನೊಂದು ಮಾತು. ಮಾನಸಗಂಗೋತ್ರಿಯಲ್ಲಿ ಹಣ್ಣಿನ ನೊಣಗಳ ತಳಿಗಳನ್ನು ಕಾಪಾಡಿ ಸಂಶೋಧಕರಿಗೆ ಒದಗಿಸುವ ಕೇಂದ್ರವಿದೆ. ಪಾರ್ಕಿನ್ಸನ್ ರೋಗಿಗಳ ನರಕೋಶಗಳಲ್ಲಿ ಗಂಟುಕಟ್ಟುವ ಮನುಷ್ಯ ಪ್ರೋಟೀನನ್ನು 2000ದಲ್ಲಿ ಈ ನೊಣದಲ್ಲಿ ಹುಟ್ಟಿಸಿದಾಗ ಅದರ ಡೋಪಮೈನ್ ನರಕೋಶಗಳು (ಚಲನೆಗೆ ಬೇಕಾದ ಡೋಪಮೈನ್ ಎಂಬ ಸಂದೇಶವಾಹಕವನ್ನು ತಯಾರಿಸುವ ಕೋಶಗಳು) ವಯಸ್ಸಾದಂತೆ ಕಡಿಮೆಯಾದವು. ಪರೀಕ್ಷೆಗೆ ಬೇಕಾದದ್ದು ಒಂದು ಗಾಜಿನ ನಳಿಕೆ. ಮೇಜಿಗೆ ಮೆಲ್ಲನೆ ಕುಟ್ಟಿದರೆ ನೊಣಗಳೆಲ್ಲ ತಳಕ್ಕೆ ಬೀಳುತ್ತವೆ. ಆರೋಗ್ಯವಂತ ನೊಣ ಸರಸರನೆ ಮೇಲೇರುತ್ತದೆ, ರೋಗದ ನೊಣ ಅರ್ಧ ದಾರಿಯಲ್ಲಿ ಜಾರುತ್ತದೆ. ಎರಡು ತಿಂಗಳ ಆಯುಷ್ಯದ ಜೀವಿಯಾದ್ದರಿಂದ ಅದರ ಮುಪ್ಪನ್ನು ಒಂದೇ ಸೆಮಿಸ್ಟರಿನಲ್ಲಿ ನೋಡಿ ಮುಗಿಸಬಹುದು. ನಿಮ್ಮ ಅಧ್ಯಾಪಕರನ್ನು ಕೇಳಿ ನೋಡಿ.

ಪ್ರಶ್ನೆ: ಏಳು ವರ್ಷದಿಂದ ನನಗೆ ಪಾರ್ಕಿನ್ಸನ್ ಇದೆ. ಇಲಿಯಲ್ಲಿ ಗುಣವಾಯಿತು, ಮಂಗದಲ್ಲಿ ಗುಣವಾಯಿತು ಎಂದು ಓದುತ್ತಲೇ ಇದ್ದೇನೆ, ನನ್ನ ಕೈ ನಡುಗುತ್ತಲೇ ಇದೆ. ಈ ಪ್ರಯೋಗಗಳಿಂದ ಮನುಷ್ಯನಿಗೆ ನಿಜವಾಗಿ ಏನಾದರೂ ಸಿಕ್ಕಿದೆಯೇ?
– ನಿವೃತ್ತ ಶಿಕ್ಷಕರು, ಧಾರವಾಡ

ಉತ್ತರ: ಮೇಷ್ಟ್ರೇ, ತಮ್ಮ ಬೇಸರ ನ್ಯಾಯವಾದದ್ದು. ಆದರೂ ತಾವು ನುಂಗುತ್ತಿರುವ ಲೆವೊಡೋಪಾ ಮಾತ್ರೆಯ ಹಿಂದೆಯೇ ಒಂದು ಮೊಲದ ಕಥೆಯಿದೆ. ನಮ್ಮ ಸರ್ಪಗಂಧದ ಬೇರಿನಿಂದ 1952ರಲ್ಲಿ ರೆಸರ್ಪಿನ್ ಎಂಬ ರಾಸಾಯನಿಕವನ್ನು ಬೇರ್ಪಡಿಸಿದ್ದರು. ಅದನ್ನು ಕೊಟ್ಟ ಮೊಲ ಕಿವಿ ಜೋತುಬಿಟ್ಟು, ಕಲ್ಲಿನಂತೆ ಅಲುಗಾಡದೆ ಬಿದ್ದಿರುತ್ತಿತ್ತು. 1957ರಲ್ಲಿ ಸ್ವೀಡನ್ನಿನ ಆರ್ವಿಡ್ ಕಾರ್ಲ್‌ಸನ್ ಅಂಥ ಮೊಲಕ್ಕೆ ಡೋಪಾ ಚುಚ್ಚಿದಾಗ ಸ್ವಲ್ಪ ಹೊತ್ತಿನಲ್ಲೇ ಅದು ಕಿವಿ ನಿಮಿರಿಸಿ ಎದ್ದು ಓಡಾಡಿತು. ಡೋಪಮೈನ್ ಎಂಬುದು ಮಿದುಳಿನ ಸ್ವತಂತ್ರ ಸಂದೇಶವಾಹಕ, ಚಲನೆಗೆ ಅದು ಬೇಕೇ ಬೇಕು ಎಂಬುದು ಈ ಕೆಲಸದಿಂದ ಖಚಿತವಾಯಿತು. 1961ರಲ್ಲಿ ವಿಯೆನ್ನಾದಲ್ಲಿ ಲೆವೊಡೋಪಾವನ್ನು ಪಾರ್ಕಿನ್ಸನ್ ರೋಗಿಗಳಿಗೆ ಕೊಟ್ಟರು. ಕಾರ್ಲ್‌ಸನ್ ಅವರಿಗೆ 2000ದಲ್ಲಿ ನೊಬೆಲ್ ಬಂತು. ಬೇಲಿಯ ಮೇಲೆ ಹಬ್ಬುವ ನಸುಗುನ್ನಿಯ ಬೀಜದಲ್ಲೂ ಇದೇ ಲೆವೊಡೋಪಾ ಇದೆ. ಆದರೆ ಬೀಜದಿಂದ ಬೀಜಕ್ಕೆ ಪ್ರಮಾಣ ಬದಲಾಗುವುದರಿಂದ ಮಾತ್ರೆಯ ಬದಲಿಗೆ ಅದನ್ನು ತಿನ್ನಲು ಹೋಗಬೇಡಿ.

ಎರಡನೆಯ ಕಥೆ ದಾರುಣವಾದದ್ದು. 1982ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಕೆಲವು ಎಳೆಯ ವಯಸ್ಸಿನವರು ಇದ್ದಕ್ಕಿದ್ದಂತೆ ಮರಗಟ್ಟಿದ ಸ್ಥಿತಿಯಲ್ಲಿ ಆಸ್ಪತ್ರೆಗೆ ಬಂದರು. ಅವರು ಚುಚ್ಚಿಕೊಂಡಿದ್ದ ಕಳ್ಳ ಮಾದಕವಸ್ತುವಿನಲ್ಲಿ ಎಂಪಿಟಿಪಿ ಎಂಬ ಕಲಬೆರಕೆ ಇತ್ತು. ತಮ್ಮಲ್ಲಿ ವರ್ಷಗಟ್ಟಲೆ ಹಿಡಿದು ಸಾಯುವ ಡೋಪಮೈನ್ ನರಕೋಶಗಳನ್ನು ಅದು ಕೆಲವೇ ದಿನಗಳಲ್ಲಿ ಕೊಂದಿತ್ತು. ಇದೇ ವಸ್ತುವಿಗೆ ಹೆಗ್ಗಣದ ಜಾತಿಯ ದೊಡ್ಡ ಇಲಿಗಳು ಅಷ್ಟಾಗಿ ಬಗ್ಗುವುದಿಲ್ಲ, ಮಂಗಗಳು ಮನುಷ್ಯರಂತೆಯೇ ಮರಗಟ್ಟುತ್ತವೆ. ಅಂಥ ಮಂಗಗಳಲ್ಲಿ, ಮಿದುಳಿನ ಆಳದ ಸಬ್‌ಥಲಾಮಿಕ್ ಎಂಬ ಪುಟ್ಟ ಕೇಂದ್ರವನ್ನು ಸುಮ್ಮನಾಗಿಸಿದರೆ ಬಿಗಿತವೂ ನಡುಕವೂ ಇಳಿಯುತ್ತವೆ ಎಂದು 1990ರಲ್ಲಿ ಮಾಲನ್ ಡಿಲಾಂಗ್ ಅವರ ತಂಡ ತೋರಿಸಿತು. ಫ್ರಾನ್ಸಿನ ಗ್ರೆನೋಬಲ್‌ನಲ್ಲಿ ಅಲೀಮ್ ಲೂಯಿ ಬೆನಬಿಡ್ ಅದೇ ಕೇಂದ್ರಕ್ಕೆ ತಂತಿಯಿಳಿಸಿ ವಿದ್ಯುತ್ ಮಿಡಿತ ಕೊಡುವ ಚಿಕಿತ್ಸೆಯನ್ನು ರೋಗಿಗಳಲ್ಲಿ ಆರಂಭಿಸಿದರು. ಮಾತ್ರೆಯ ಪರಿಣಾಮ ಬೇಗ ಇಳಿದು ಹೋಗುವ ರೋಗಿಗಳಿಗೆ ಇಂದು ಬೆಂಗಳೂರಿನಲ್ಲೂ ಈ ಶಸ್ತ್ರಚಿಕಿತ್ಸೆ ನಡೆಯುತ್ತದೆ. ತಮ್ಮ ನರರೋಗ ತಜ್ಞರಲ್ಲಿ ವಿಚಾರಿಸಿ.

ಸೋತ ಕಥೆಗಳನ್ನೂ ಮುಚ್ಚಿಡಬಾರದು. ಅಮೈಲಾಯ್ಡ್ ವಿರುದ್ಧ ಲಸಿಕೆಯೊಂದು ಇಲಿಗಳಲ್ಲಿ ಜಡ್ಡನ್ನು ತಡೆಯಿತೆಂದು 1999ರಲ್ಲಿ ಪ್ರಕಟವಾದಾಗ ಲೋಕವೆಲ್ಲ ಸಂಭ್ರಮಿಸಿತ್ತು. ಲಸಿಕೆ ಪಡೆದ ರೋಗಿಗಳಲ್ಲಿ ಸುಮಾರು ಶೇ. 6ರಷ್ಟು ಜನರಿಗೆ ಮಿದುಳಿನ ಉರಿಯೂತವಾಗಿ 2002ರಲ್ಲಿ ಪರೀಕ್ಷೆಯನ್ನೇ ನಿಲ್ಲಿಸಬೇಕಾಯಿತು. ಇಲಿಯಲ್ಲಿ ಅಂಥ ಸೂಚನೆ ಇರಲಿಲ್ಲ. ಸ್ನಾಯುಗಳನ್ನು ನಿಶ್ಶಕ್ತಗೊಳಿಸುವ ಎಎಲ್‌ಎಸ್ ರೋಗಕ್ಕೆ 1994ರಲ್ಲಿ ಇಲಿ ಮಾದರಿ ಬಂತು, ಎಷ್ಟೋ ಔಷಧಗಳು ಅದರ ಆಯುಷ್ಯ ಹೆಚ್ಚಿಸಿದವೆಂದು ವರದಿಯಾದವು, ಮನುಷ್ಯರಲ್ಲಿ ಒಂದೊಂದಾಗಿ ಬಿದ್ದುಹೋದವು. 2008ರಲ್ಲಿ ಒಂದು ತಂಡ ಹೆಚ್ಚಿನ ಸಂಖ್ಯೆಯ ಇಲಿಗಳನ್ನಿಟ್ಟುಕೊಂಡು, ಕಟ್ಟುನಿಟ್ಟಾಗಿ ಅದೇ ಪರೀಕ್ಷೆಗಳನ್ನು ಮತ್ತೆ ಮಾಡಿದಾಗ ಹಿಂದಿನ ಲಾಭಗಳು ಕಾಣಲೇ ಇಲ್ಲ. ಬೆರಳೆಣಿಕೆಯ ಇಲಿಗಳಲ್ಲಿ ಆಕಸ್ಮಿಕವಾಗಿ ಬಂದ ಏರಿಳಿತವನ್ನೇ ಔಷಧದ ಗುಣವೆಂದು ನಂಬಿದ್ದರು. ಆದರೆ ಅದೇ ಇಲಿಯ ವಂಶವಾಹಿ ದೋಷವೇ ಇರುವ ಸಣ್ಣ ರೋಗಿ ವರ್ಗಕ್ಕೆಂದು ರೂಪಿಸಿದ ಟೊಫರ್ಸನ್ 2023ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆಯಿತು. ಇಲಿಯ ಕಾಯಿಲೆಯ ಮೂಲವೂ ರೋಗಿಯ ಕಾಯಿಲೆಯ ಮೂಲವೂ ಒಂದೇ ಆಗಿದ್ದ ಕಡೆ ಇಲಿಯ ಮಾತು ನಿಜವಾಯಿತು. ಅದಕ್ಕೇ, ಪ್ರಾಣಿಯಲ್ಲಿ ಗುಣವಾಯಿತೆಂಬ ಸುದ್ದಿ ಕಂಡಾಗ ಅದು ರೋಗದ ಯಾವ ಎಳೆಯನ್ನು ಹೊತ್ತ ಪ್ರಾಣಿ, ಮದ್ದು ಕೊಟ್ಟದ್ದು ರೋಗ ಶುರುವಾಗುವ ಮೊದಲೋ ಆಮೇಲೋ ಎಂದು ನಾನು ಮೊದಲು ಹುಡುಕುತ್ತೇನೆ.

ಪ್ರಶ್ನೆ: ನಮ್ಮ ನಾಯಿಗೆ ಹದಿನಾಲ್ಕು ವರ್ಷ. ರಾತ್ರಿಯಿಡೀ ಓಡಾಡುತ್ತದೆ, ಮೂಲೆಯಲ್ಲಿ ಗೋಡೆ ನೋಡುತ್ತ ನಿಲ್ಲುತ್ತದೆ, ಬಾಗಿಲಿನ ತಪ್ಪು ಬದಿಯಲ್ಲಿ ಕಾಯುತ್ತದೆ. ನಾಯಿಗೂ ಅರಳು ಮರಳು ಬರುತ್ತದೆಯೇ?
– ಬ್ಯಾಂಕ್ ಉದ್ಯೋಗಿ, ಮಂಗಳೂರು

ಉತ್ತರ: ಬರುತ್ತದೆ. ನಾಯಿಯ ಅಮೈಲಾಯ್ಡ್ ಮನುಷ್ಯನದರಂತೆಯೇ ಇದೆ, ಒಂದು ಅಮೈನೊ ಆಮ್ಲವೂ ಬೇರೆಯಿಲ್ಲ. ಯಾರೂ ವಂಶವಾಹಿ ಸೇರಿಸದೆ, ವಯಸ್ಸಾದ ಮಾತ್ರಕ್ಕೇ ಅದರ ಮಿದುಳಿನಲ್ಲಿ ಜಡ್ಡು ಕೂಡುತ್ತದೆ. ನಮ್ಮ ಜೊತೆ ಒಂದೇ ಮನೆಯಲ್ಲಿ, ನಮ್ಮದೇ ಗಾಳಿ ನೀರಿನಲ್ಲಿ ಮುಪ್ಪಾಗುವ ಜೀವಿಯಾದ್ದರಿಂದ ಸಂಶೋಧಕರಿಗೂ ಅದರ ಮೇಲೆ ಆಸಕ್ತಿ. ಆದರೆ ಕಣ್ಣಿನ ಪೊರೆ, ಕಿವುಡು, ಕೀಲುನೋವು ಕೂಡ ಇಂಥದ್ದೇ ಲಕ್ಷಣ ತೋರಬಹುದು. ಮೊದಲು ಪಶುವೈದ್ಯರಲ್ಲಿ ಪರೀಕ್ಷೆ ಮಾಡಿಸಿ. ಪಾರ್ಕಿನ್ಸನ್ ರೋಗಿಗಳು ತೆಗೆದುಕೊಳ್ಳುವ ಸೆಲೆಜಿಲಿನ್ ಮಾತ್ರೆಯನ್ನು ನಾಯಿಗಳ ಮರೆಗುಳಿತನಕ್ಕೂ ಬಳಸುವುದುಂಟು. ಅದು ಬೇಕೇ ಎಂಬುದನ್ನು ಅವರೇ ಹೇಳಬೇಕು. ಅಲ್ಲಿಯವರೆಗೆ ಮನೆಯ ಸಾಮಾನುಗಳ ಜಾಗ ಬದಲಿಸಬೇಡಿ, ರಾತ್ರಿ ಒಂದು ಸಣ್ಣ ದೀಪ ಉರಿಯಲಿ.

ಪ್ರಶ್ನೆ: ಬೆಂಗಳೂರಿನಿಂದ ಸಂಶೋಧಕರು ಬಂದು ನಮ್ಮ ತಾಲ್ಲೂಕಿನ ಹಳ್ಳಿಗಳಲ್ಲಿ ವಯಸ್ಸಾದವರ ರಕ್ತ ತೆಗೆದುಕೊಂಡು, ಕಥೆ ಹೇಳಿ ಮತ್ತೆ ಹೇಳಿಸಿ, ಮಿದುಳಿನ ಸ್ಕ್ಯಾನ್ ಮಾಡಿಸುತ್ತಿದ್ದಾರೆ. ಇಷ್ಟು ಇಲಿಗಳಿರುವಾಗ ನಾವೇಕೆ ಬೇಕು? ಅಥವಾ ನಾವು ಸಿಕ್ಕಮೇಲೆ ಆ ಮೂಕ ಪ್ರಾಣಿಗಳನ್ನಾದರೂ ಬಿಡಬಾರದೇ?
– ಮಾವಿನ ಬೆಳೆಗಾರರು, ಶ್ರೀನಿವಾಸಪುರ

ಉತ್ತರ: ಯಜಮಾನರೇ, ನಿಮ್ಮಲ್ಲಿಗೆ ಬರುತ್ತಿರುವುದು ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮಿದುಳು ಸಂಶೋಧನಾ ಕೇಂದ್ರದವರ ಅಧ್ಯಯನವಿರಬೇಕು. 45 ದಾಟಿದ ಗ್ರಾಮೀಣ ಜನರನ್ನು ವರ್ಷಗಟ್ಟಲೆ ಮತ್ತೆ ಮತ್ತೆ ಪರೀಕ್ಷಿಸಿ, ಯಾರ ನೆನಪು ಕುಗ್ಗುತ್ತದೆ, ಯಾರದು ಉಳಿಯುತ್ತದೆ, ಏಕೆ ಎಂದು ನೋಡುವುದು ಅದರ ಉದ್ದೇಶ. ನಮ್ಮ ದೇಶದಲ್ಲಿ 60 ದಾಟಿದವರಲ್ಲಿ ಸುಮಾರು ಶೇ. 7.4 ಮಂದಿಗೆ, ಎಂದರೆ ಸುಮಾರು 88 ಲಕ್ಷ ಜನರಿಗೆ ಡಿಮೆನ್ಷಿಯಾ (ಮರೆಗುಳಿತನದ ಕಾಯಿಲೆ) ಇದೆಯೆಂಬ ಅಂದಾಜು 2023ರಲ್ಲಿ ಪ್ರಕಟವಾಗಿದೆ. ಅವರಲ್ಲಿ ಎಷ್ಟೋ ಮಂದಿಗೆ ಸಕ್ಕರೆ ಕಾಯಿಲೆ, ರಕ್ತದ ಒತ್ತಡ. ಎಷ್ಟೋ ಮಂದಿ ಶಾಲೆಯ ಮುಖ ಕಂಡಿಲ್ಲ. ಕೆಲವರು ಮಕ್ಕಳೆಲ್ಲ ಊರು ಬಿಟ್ಟ ಮೇಲೆ ಒಬ್ಬರೇ ಇದ್ದಾರೆ. ಒಂದೇ ತಳಿಯ, ಒಂದೇ ಕಾಳು ತಿಂದ, ಒಂದೇ ಗೂಡಿನಲ್ಲಿ ಎರಡು ವರ್ಷ ಬದುಕಿದ ಇಲಿಗೆ ಇದಾವುದೂ ಇಲ್ಲ. ಅಕ್ಷರ ಕಲಿತದ್ದರಿಂದ ಮುಪ್ಪಿನ ಮಿದುಳಿಗೆ ಆಸರೆಯಾಯಿತೇ ಎಂಬ ಪ್ರಶ್ನೆಗೆ ಉತ್ತರ ನಿಮ್ಮ ಊರಿನಲ್ಲೇ ಸಿಗಬೇಕು.

ಪ್ರಾಣಿಗಳನ್ನು ಬಿಡಬಾರದೇ ಎಂಬ ಮಾತು ನನ್ನನ್ನೂ ಬಹಳ ವರ್ಷ ಕಾಡಿದೆ. ಸಾಧ್ಯವಾದಲ್ಲಿ ಪ್ರಾಣಿಯ ಬದಲು ಬೇರೆ ವಿಧಾನ ಬಳಸಬೇಕು, ಸಂಖ್ಯೆ ತಗ್ಗಿಸಬೇಕು, ನೋವು ಕಡಿಮೆ ಮಾಡಬೇಕು ಎಂಬ ಮೂರು ಸೂತ್ರಗಳನ್ನು ಬ್ರಿಟನ್ನಿನ ರಸೆಲ್ ಮತ್ತು ಬರ್ಚ್ 1959ರಲ್ಲೇ ಮುಂದಿಟ್ಟರು. ನಮ್ಮಲ್ಲಿ 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ ಅಡಿಯಲ್ಲಿ ಪ್ರತಿ ಸಂಸ್ಥೆಯಲ್ಲೂ ನೈತಿಕ ಸಮಿತಿಯ ಅನುಮತಿಯಿಲ್ಲದೆ ಒಂದು ಇಲಿಯನ್ನೂ ಪ್ರಯೋಗಕ್ಕೆ ಬಳಸುವಂತಿಲ್ಲ. 2023ರಲ್ಲಿ ಔಷಧ ಪರೀಕ್ಷೆಯ ನಿಯಮಗಳಿಗೆ ತಿದ್ದುಪಡಿಯಾಗಿ, ಪ್ರಾಣಿಯ ಬದಲು ಮನುಷ್ಯರ ಜೀವಕೋಶಗಳಲ್ಲೇ ಮಾಡಿದ ಪರೀಕ್ಷೆಗಳನ್ನೂ ಒಪ್ಪಲು ದಾರಿಯಾಗಿದೆ. ರೋಗಿಯ ಚರ್ಮದ ಚೂರಿನಿಂದಲೇ ನರಕೋಶಗಳನ್ನು ಬೆಳೆಸಬಹುದು. ಮೃತರ ಕುಟುಂಬದವರು ದಾನ ಮಾಡಿದ ಮಿದುಳುಗಳು ನಿಮ್ಹಾನ್ಸ್‌ನ ಮಿದುಳು ಬ್ಯಾಂಕಿನಲ್ಲಿವೆ. ಆದರೂ ತಟ್ಟೆಯಲ್ಲಿ ಬೆಳೆದ ಕೋಶ ಈಜುವುದಿಲ್ಲ, ದಾರಿ ತಪ್ಪುವುದಿಲ್ಲ. ಒಂದು ಮದ್ದು ಯಕೃತ್ತಿನ ಮೂಲಕ ಮಿದುಳನ್ನು ಮುಟ್ಟುತ್ತದೆಯೇ ಎಂಬಂಥ ಪ್ರಶ್ನೆಗೆ ಇಡೀ ದೇಹವೇ ಬೇಕಾಗುತ್ತದೆ. ಹೀಗಾಗಿ ಪ್ರಾಣಿ ಪ್ರಯೋಗ ಸದ್ಯಕ್ಕೆ ಪೂರ್ತಿ ನಿಲ್ಲಬೇಕೆಂದು ನಾನು ಹೇಳಲಾರೆ. ಯಾವ ಇಲಿಗೆ ಮದ್ದು ಕೊಟ್ಟಿದೆ ಎಂದು ಅಳೆಯುವವನಿಗೇ ಗೊತ್ತಿರುವ, ನಾಲ್ಕಾರು ಇಲಿಗಳಲ್ಲಿ ಮುಗಿಸಿದ, ಸೋತರೆ ಪ್ರಕಟಿಸದೆ ಕಪಾಟಿಗೆ ಸೇರಿಸುವ ಪ್ರಯೋಗ ಮಾತ್ರ ಕೂಡದು. ಅಲ್ಲಿ ಜೀವವೂ ಹೋಯಿತು, ಮುಂದಿನ ರೋಗಿಯ ಸಮಯವೂ ಹೋಯಿತು.

ನಿಮ್ಮಲ್ಲಿ ಒಂದು ಕೋರಿಕೆ. ಮೊದಲ ಸಲ ಹೋದವರು ಎರಡನೆಯ ಸಲ ಕರೆದಾಗ ಮಾವಿನ ಕೊಯ್ಲು, ಮಗಳ ಮನೆ ಎಂದು ತಪ್ಪಿಸಿಕೊಳ್ಳುವುದು ಸಹಜ. ಆದರೆ ಇಂಥ ಅಧ್ಯಯನದಲ್ಲಿ ಬೆಲೆಯಿರುವುದು ಎರಡನೆಯ, ಮೂರನೆಯ ಅಳತೆಗೆ. ಈ ವರ್ಷದ ನೆನಪನ್ನು ಅದೇ ವ್ಯಕ್ತಿಯ ಹಿಂದಿನ ನೆನಪಿನ ಜೊತೆ ಹೋಲಿಸಿದಾಗಲೇ ಕುಗ್ಗಿದ್ದು ಗೊತ್ತಾಗುತ್ತದೆ. ಹೋಗಲು ಆಗದಿದ್ದರೆ ದಿನ ಬದಲಿಸಿಕೊಡಿ ಎಂದು ಕೇಳಿ, ಮನೆಯವರನ್ನು ಜೊತೆಗೆ ಕರೆದುಕೊಂಡು ಹೋಗಿ. ಯಾವ ಹಂತದಲ್ಲಿ ಬೇಡವೆನಿಸಿದರೂ ಹಿಂದೆ ಸರಿಯುವ ಹಕ್ಕು ನಿಮಗಿದೆ, ಸಹಿ ಹಾಕಿದ ಒಪ್ಪಿಗೆ ಪತ್ರದಲ್ಲಿ ಆ ಸಾಲನ್ನು ಹುಡುಕಿ ಓದಿಸಿಕೊಳ್ಳಿ.